ಇಪ್ಪತ್ಮೂರು ಓಟು

ನಮ್ಮೂರ ಬೂತಿನಲ್ಲಿ ಬಿದ್ದ ಓಟು ಆರುನೂರ ಮೂವತ್ತೈದು. ಅದರಲ್ಲಿ ಆರುನೂರ ಹನ್ನೆರಡು ನಮ್ಮಪ್ಪನ ಪಾರ್ಟಿಗೆ ಬಿದ್ದವು. ಆ ಪಾರ್ಟಿಯೇ ಗೆದ್ದಿತು. ಗೆದ್ದವರು ಮನೆಗೆ ಬಂದು ಉಂಡು ಮಲಗಬೇಕು. ನಮ್ಮೂರ ಗಂಡಸರು ಹಾಗೆ ಮಾಡಲಿಲ್ಲ. ಉಳಿದ ಇಪ್ಪತ್ಮೂರು ಓಟು ಯಾರವು ಎಂದು ಹುಡುಕಲು ಕುಳಿತರು.

ಯಾವ ಪಾರ್ಟಿ ಎಂದು ಹೇಳುವುದಿಲ್ಲ. ಹೇಳಿದ ಕೂಡಲೇ ಅರ್ಧ ಮಂದಿ, ಅವರು ಇರೋದೇ ಹಾಗೆ ಎನ್ನುತ್ತಾರೆ. ಉಳಿದರ್ಧ ಮಂದಿ ಇದೆಲ್ಲ ಸುಳ್ಳು ಎನ್ನುತ್ತಾರೆ. ತಳಕಲ್ ದಾಟಿ ಎರಡು ಊರು ಆಚೆ ಹೋದರೆ ಎದುರು ಪಾರ್ಟಿಯವರ ಊರಿದೆ. ಅಲ್ಲಿಯೂ ಇಂಥದೇ ನಡೆದಿದೆ, ಹೆಸರು ಮಾತ್ರ ಬೇರೆ.

ಓಟಿಗೆ ನಾಲ್ಕು ದಿನ ಮುಂಚೆ ದ್ಯಾಮವ್ವನ ಗುಡಿಯ ಮುಂದೆ ಊರನ್ನೆಲ್ಲ ಕೂಡಿಸಿ ಭಂಡಾರ ಮುಟ್ಟಿಸಿದ್ದರು. ನಮ್ಮ ಕಡೆ ದೇವಿಯ ಪಾದದಲ್ಲಿಟ್ಟ ಅರಿಶಿಣದ ಪುಡಿಗೆ ಭಂಡಾರ ಎನ್ನುತ್ತೇವೆ. ಅದನ್ನು ಮುಟ್ಟಿ ಆಡಿದ ಮಾತಿಗೆ ತಪ್ಪಿದರೆ ಮನೆತನ ಉಳಿಯುವುದಿಲ್ಲ ಎಂಬ ಹೆದರಿಕೆ. ಬದುವಿನ ಜಗಳ, ಕೋಳಿ ಕದ್ದ ಜಗಳ, ಗಂಡ ಹೆಂಡಿರ ಅನುಮಾನ ಎಲ್ಲ ಭಂಡಾರದಲ್ಲಿ ತೀರುತ್ತಿದ್ದವು. ಈಗ ಓಟೂ ಅದರಲ್ಲಿ ಸೇರಿತು. ಪಾರ್ಟಿಯ ಲೀಡರೊಬ್ಬರು ಕಾರಿನಲ್ಲಿ ಬಂದು, ಒಂದೂ ಓಟು ಆಚೆ ಹೋಗದಿದ್ದರೆ ಊರಿಗೆ ಸಮುದಾಯ ಭವನ ಎಂದಿದ್ದರು. ಒಬ್ಬೊಬ್ಬರೇ ಸಾಲಿನಲ್ಲಿ ಹೋಗಿ, ಆ ಪಾರ್ಟಿಗೇ ಓಟು ಎಂದು ಭಂಡಾರದ ತಟ್ಟೆ ಮುಟ್ಟಿದೆವು. ಹಿಟ್ಟಿನ ಗಿರಣಿಯ ಉಮರಸಾಬ ಕಾಕಾನೂ ಮುಟ್ಟಿದರು. ಆ ಅರಿಶಿಣ ಬೀಸಿ ಕೊಟ್ಟವರೇ ಅವರು. "ನಾ ಬೀಸಿದ್ದನ್ನ ನನಗ ಮುಟ್ಟಸ್ತೀರಲ್ಲೋ," ಎಂದು ನಕ್ಕರು. ಎಲ್ಲರೂ ನಕ್ಕರು.

ನಾನೂ ಮುಟ್ಟಿದೆ. ನಾಲ್ಕು ದಿನದ ಮೇಲೆ ಬೂತಿಗೆ ಹೋಗಿ ಎದುರಿನವರಿಗೆ ಹಾಕಿದೆ. ಯಾಕೆ ಎಂದು ಯಾರಿಗೂ ಹೇಳಿಲ್ಲ. ಹೇಳುವ ಅಗತ್ಯ ಇಲ್ಲವೆಂದೇ ಸರ್ಕಾರ ಅಲ್ಲಿ ಒಂದು ರಟ್ಟಿನ ಮರೆ ಇಟ್ಟಿರುತ್ತದೆ.

ಆದರೆ ಆ ಮರೆ ಅಲ್ಲಿಗೇ ಮುಗಿಯುತ್ತದೆ. ಎಣಿಕೆಯ ದಿನ ಒಂದೊಂದು ಬೂತಿನ ಮಷಿನ್ ಬೇರೆ ಬೇರೆ ತೆಗೆಯುತ್ತಾರೆ. ಕಟಕಟೆಯ ಆಚೆ ಕುಳಿತ ಏಜೆಂಟರು ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ನಮ್ಮಪ್ಪ ಬಾಲಪ್ಪ ಹಿಂದೆ ಒಂದು ಸಲ ಪಂಚಾಯ್ತಿ ಮೆಂಬರ್ ಆಗಿದ್ದವ, ಈ ಸಲ ಕೊಪ್ಪಳದಲ್ಲಿ ಎಣಿಕೆ ಏಜೆಂಟ್ ಆಗಿದ್ದ. ಸಂಜೆ ತಲೆಯ ತುಂಬ ಗುಲಾಲು ಹಾಕಿಸಿಕೊಂಡು ಬಂದ. ಕೂದಲು ಕೆಂಪು, ಮುಖ ಕಪ್ಪು. ಲೀಡರು ಎಲ್ಲರ ಎದುರು ಅವನ ಹೆಗಲ ಮೇಲೆ ಕೈ ಹಾಕಿ, "ಏನ್ರೀ ಬಾಲಪ್ಪ, ನಿಮ್ಮೂರಾಗೂ ಇಪ್ಪತ್ಮೂರು ಮಂದಿ ಅದಾರಲ್ರೀ," ಎಂದು ನಕ್ಕಿದ್ದರಂತೆ. ಅಷ್ಟೇ. ಆ ಒಂದು ನಗುವಿಗೆ ನಮ್ಮಪ್ಪ ಆ ದಿನ ಊಟ ಬಿಟ್ಟ.

ಮರುದಿನ ಯಂಕೋಬನ ಗೊಬ್ಬರದ ಅಂಗಡಿಯಲ್ಲಿ ಸಭೆ. ಯಂಕೋಬ ಊರಲ್ಲಿ ಪಾರ್ಟಿಯ ಮುಖ್ಯ ಮನುಷ್ಯ. ನಾನು ಅಪ್ಪನನ್ನು ಊಟಕ್ಕೆ ಕರೆಯಲು ಹೋದಾಗ ಯಂಕೋಬ ಮತದಾರರ ಪಟ್ಟಿ ಹರವಿಕೊಂಡು ಕೆಂಪು ಪೆನ್ನಿನಿಂದ ಟಿಕ್ ಹಾಕುತ್ತಿದ್ದ.

"ಉಮರಸಾಬನ ಮನಿಯಾಗ ಒಂಬತ್ತು. ಅವನ ತಮ್ಮನ ಮನಿಯಾಗ ಎಂಟು. ದರ್ಜಿ ಜಹೀರನ ಮನಿಯಾಗ ಆರು. ಎಷ್ಟಾತು?"

"ಇಪ್ಪತ್ಮೂರು," ಎಂದರು ಯಾರೋ.

"ಆತಿಲ್ಲ ಮತ್ತ!" ಯಂಕೋಬ ಪೆನ್ನನ್ನು ಪಟ್ಟಿಯ ಮೇಲೆ ಬಿಸಾಕಿದ. "ಒಂದು ಹೆಚ್ಚಿಲ್ಲ, ಒಂದು ಕಮ್ಮಿಲ್ಲ."

ಗೆದ್ದ ದಿನವೂ ಆ ಮುಖಗಳಲ್ಲಿ ಅಷ್ಟು ಸಮಾಧಾನ ಇರಲಿಲ್ಲ. ಯಾಕೆಂದರೆ ಇನ್ನು ಯಾರೂ ತಮ್ಮ ಮನೆಯೊಳಗೆ ನೋಡಬೇಕಿರಲಿಲ್ಲ. ಹೆಂಡತಿಯನ್ನು, ತಮ್ಮನನ್ನು, ಕಾಲೇಜಿಗೆ ಹೋಗುವ ಮಗನನ್ನು ಅನುಮಾನಿಸಬೇಕಿರಲಿಲ್ಲ. ಇಡೀ ಊರಿನ ಅನುಮಾನ ಮೂರು ಮನೆಯಲ್ಲಿ ಹೊಂದಿ ಕುಳಿತಿತು.

ನಾನು ನಿಂತಲ್ಲಿಂದಲೇ ಪಟ್ಟಿ ಕಾಣುತ್ತಿತ್ತು. ಟಿಕ್ ಹಾಕಿದ ಹೆಸರುಗಳಲ್ಲಿ ಅಬೇದಾಬಿ ಇದ್ದಳು. ಅಬೇದಾಬಿ ಉಮರಸಾಬ ಕಾಕಾನ ತಾಯಿ, ಹೋದ ವರ್ಷ ಸತ್ತಿದ್ದಾಳೆ. ಪಟ್ಟಿಯಿಂದ ಯಾರೂ ತೆಗೆಸಿಲ್ಲ. ತಾಹೇರ ಇದ್ದ. ಕಾಕಾನ ತಮ್ಮನ ಮಗ ಅವನು, ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಕೆಲಸ, ಈ ಸಲ ಓಟಿಗೆ ಬಂದೇ ಇಲ್ಲ. ಯಂಕೋಬನ ಲೆಕ್ಕ ಖರೆಯಾಗಬೇಕಾದರೆ ಸತ್ತ ಅಬೇದಾಬಿ ಎದ್ದು ಬಂದು, ಬಾರದ ತಾಹೇರನ ಕೈ ಹಿಡಿದುಕೊಂಡು ಬೂತಿಗೆ ಹೋಗಿ, ನಮ್ಮಪ್ಪನ ಪಾರ್ಟಿಗೆ ದ್ರೋಹ ಮಾಡಿ ಮತ್ತೆ ಮಣ್ಣಿಗೆ ಹೋಗಿರಬೇಕು. ಅವಳ ಜನಾಜಾಕ್ಕೆ ಹೆಗಲು ಕೊಟ್ಟ ಇಬ್ಬರು ಆ ಅಂಗಡಿಯಲ್ಲೇ ಕುಳಿತಿದ್ದರು.

ನಾನು, "ಅಪ್ಪಾ, ಊಟಕ್ಕ ಬರ್ರಿ," ಎಂದೆ. ಅಷ್ಟೇ ಹೇಳಿದೆ.

ಬಹಿಷ್ಕಾರ ಎಂದು ಯಾರೂ ಅನ್ನಲಿಲ್ಲ. ಹಾಗೆಂದರೆ ಕೇಸಾಗುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು. "ತಳಕಲ್ ಗಿರಣ್ಯಾಗ ಹಿಟ್ಟು ಭಾಳ ಸಣ್ಣಗ ಬೀಳತೈತಂತ," ಎಂದು ಒಬ್ಬ ಅಂದ. ಮಾರನೇ ದಿನ ಮತ್ತೊಬ್ಬ ಅಂದ. ವಾರದೊಳಗೆ ಊರವರೆಲ್ಲ ಸಣ್ಣ ಹಿಟ್ಟಿನ ಭಕ್ತರಾದರು. ಜೋಳದ ಹಿಟ್ಟು ಒಂದೇ ಸಲ ಬೀಸಿ ಇಟ್ಟುಕೊಳ್ಳುವಂಥದ್ದಲ್ಲ. ನಾಲ್ಕೈದು ದಿನ ದಾಟಿದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಪ್ರತಿ ಮನೆಯವರೂ ಗಿರಣಿ ಮೆಟ್ಟಿಲು ಹತ್ತಲೇಬೇಕು. ಹೆಂಡತಿ ಕೇಳಿದರೆ ಒಂದು ಕೊಡ ನೀರು ತಾರದ ಗಂಡಸರು ಈಗ ಬೈಕಿನ ಹಿಂದೆ ಜೋಳದ ಡಬ್ಬಿ ಕಟ್ಟಿಕೊಂಡು ಎಂಟು ಕಿಲೋಮೀಟರ್ ಹೋಗಿ ಬರತೊಡಗಿದರು. ದ್ವೇಷಕ್ಕೆ ಬಂದರೆ ನಮ್ಮ ಗಂಡಸರಿಗೆ ಸೋಮಾರಿತನ ಇಲ್ಲ.

ಊರಿಗೆ ಅದೊಂದೇ ಗಿರಣಿ. ಉಮರಸಾಬ ಕಾಕಾ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಹನ್ನೊಂದರವರೆಗೆ ಕುಳಿತು ಮುಚ್ಚಿಕೊಂಡು ಹೋಗುತ್ತಿದ್ದರು.

ಒಂಬತ್ತನೇ ದಿನ ನಾನು ಡಬ್ಬಿ ತುಂಬ ಜೋಳ ಹೊತ್ತುಕೊಂಡು ಹೋದೆ. ಒಳಗೆ ಕಾಕಾನ ಮಗಳು ಮೆಹಜಬೀನ ಬಟ್ಟೆಯಿಂದ ಮಷಿನ್ ಒರೆಸುತ್ತಿದ್ದಳು. ನಾವಿಬ್ಬರೂ ಪಿಯುಸಿಯವರೆಗೆ ಒಂದೇ ಬೆಂಚು. ಆಮೇಲೆ ನಾನು ಕೊಪ್ಪಳದ ಹಾಸ್ಟೆಲ್ಲಿಗೆ ಹೋದೆ, ಅವಳು ಯಲಬುರ್ಗಾಕ್ಕೆ ಬಸ್ಸಿನಲ್ಲಿ ಓಡಾಡಿ ಬಿಕಾಂ ಮುಗಿಸಿದಳು. ಈಗ ಇಬ್ಬರೂ ಊರಲ್ಲೇ ನೌಕರಿಯ ಪರೀಕ್ಷೆ ಬರೆಯುತ್ತ ಕುಳಿತವರು.

ಕಾಕಾ ಡಬ್ಬಿ ನೋಡಿದರು. ಮುಟ್ಟಲಿಲ್ಲ.

"ನಿಮ್ಮಪ್ಪಗ ಹೇಳಿ ಬಂದಿಯೇನ ಯವ್ವಾ?"

"ಇಲ್ರಿ ಕಾಕಾ."

"ಹಂಗಾದ್ರ ವಾಪಸ್ ಒಯ್ಯಿ. ಬೀಸೂದು ಐದು ನಿಮಿಷದ ಕೆಲಸ. ಆಮ್ಯಾಲೆ ಬಾಲಪ್ಪ ಅಂಗಡ್ಯಾಗ ತಲಿ ತಗ್ಗಿಸಿ ಕುಂದ್ರಬೇಕಾಕ್ಕತಿ."

"ತಗ್ಗಸ್ಲಿ ಬಿಡ್ರಿ ಅಬ್ಬಾ," ಎಂದಳು ಮೆಹಜಬೀನ. "ನಾವು ತಗ್ಗಿಸಿ ಕುಂತಿಲ್ಲೇನು? ಕುತ್ತಿಗಿ ಎಲ್ಲಾರಿಗೂ ಒಂದ ಥರ ಇರ್ತೈತಿ."

"ಸುಮ್ಮನಿರು."

"ಹೇಳ್ರಿ ಈಕಿಗೆ. ಮಂಗಳವಾರದ್ದು ಹೇಳ್ರಿ."

ಕೊನೆಗೆ ಅವಳೇ ಹೇಳಿದಳು. ಯಂಕೋಬ ಹೇಳಿ ಕಳಿಸಿದ್ದಾನೆ. ಮುಂದಿನ ವಾರದ ಮಂಗಳವಾರ ಉಮರಸಾಬ ಗುಡಿಯ ಮುಂದೆ ಬಂದು ಮತ್ತೊಮ್ಮೆ ಭಂಡಾರ ಮುಟ್ಟಬೇಕು. ಆ ಇಪ್ಪತ್ಮೂರು ನಮ್ಮ ಮನೆಯವಲ್ಲ ಎಂದು ಆಣೆ ಮಾಡಬೇಕು. ಮಾಡಿದರೆ ಎಲ್ಲರೂ ಮರೆತುಬಿಡುತ್ತಾರೆ, ಡಬ್ಬಿಗಳು ಮರಳಿ ಬರುತ್ತವೆ. ಮಾಡದಿದ್ದರೆ ತಳಕಲ್ಲೇ ಗತಿ. ಅಷ್ಟರಲ್ಲಿ ಕುಷ್ಟಗಿಯಿಂದ ಒಬ್ಬ ಬಂದು ಮಷಿನ್ನು ಮೋಟರು ನೋಡಿ ಹೋಗಿದ್ದಾನೆ. ಆಣೆ ಇಲ್ಲವೆಂದರೆ ಗಿರಣಿ ಕುಷ್ಟಗಿಗೆ, ಮನೆಮಂದಿ ಗಂಗಾವತಿಗೆ, ತಾಹೇರ ಇರುವಲ್ಲಿಗೆ.

"ನಾ ಹೋಗಿ ಮುಟ್ಟತೀನಿ," ಎಂದರು ಕಾಕಾ. "ಒಂದು ಸಲ ಮುಟ್ಟೇನಿ, ಇನ್ನೊಂದ್ಸಲ ಮುಟ್ಟಿದ್ರ ಕೈ ಸವೀತೈತೇನು? ನಲವತ್ತು ವರ್ಷದಿಂದ ಈ ಊರ ಹಿಟ್ಟಿನ ಧೂಳು ಕುಡದೀನಿ."

"ನೀವು ಹೋದ್ರ ನಾ ಈ ಊರಾಗ ಇರಂಗಿಲ್ಲ."

"ಗಿರಣಿ ಹೋದ್ರ ಯಾರೂ ಇರಂಗಿಲ್ಲ, ತಿಳಕೋ."

ನಾನು ಬಾಯಿ ತೆರೆದೆ, ಮುಚ್ಚಿದೆ. ಮೆಹಜಬೀನ ಅದನ್ನು ಕಂಡಳು.

"ಕೇಳು," ಎಂದಳು. "ನೀನೂ ಕೇಳು. ಅಬ್ಬಾ ಯಾರಿಗೆ ಹಾಕಿದ್ರು ಅಂತ ಬಾಯಿ ತನಕ ಬಂದೈತಿ. ಊರಾಗ ಎಲ್ಲಾರೂ ಕೇಳ್ಯಾರ. ನೀ ಒಬ್ಬಾಕಿ ಉಳದಿದ್ದಿ."

ಡಬ್ಬಿ ಹೊತ್ತುಕೊಂಡು ಮನೆಗೆ ಬಂದೆ. ಅವಳು ಹೇಳಿದ್ದು ಖರೆಯಾಗಿತ್ತು. ಅದಕ್ಕೇ ಸಿಟ್ಟು ಬಂತು. ಆ ಸಿಟ್ಟನ್ನು ಇನ್ನೂ ಒಂದು ವಾರ ಬಾಯೊಳಗೇ ಇಟ್ಟುಕೊಂಡು ಕುಳಿತೆ.

ಸೋಮವಾರ ಸಂಜೆ ಅಪ್ಪ ಚಹಾ ಕುಡಿಯುತ್ತ ಅವ್ವನಿಗೆ, "ನಾಳೆ ಎಲ್ಲಾ ಮುಗೀತೈತಿ. ನಾನ ಯಂಕೋಬಗ ಹೇಳಿ ರಾಜಿ ಮಾಡಿಸೇನಿ. ಉಮರಣ್ಣ ಒಳ್ಳೇ ಮನಿಶ್ಯಾ," ಎಂದ. ಉಪಕಾರ ಮಾಡಿದವನ ದನಿ ಅದು. ಅವ್ವ ಶಾಂತಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಳಕಲ್ಲಿನ ಹಿಟ್ಟು. ಅಪ್ಪ ತಂದದ್ದು.

"ಆ ಲೆಕ್ಕನ ಸುಳ್ಳು," ಎಂದೆ ನಾನು. "ಅಬೇದಾಬಿ ಸತ್ತು ವರ್ಷಾತು. ತಾಹೇರ ಊರಾಗ ಇರಲಿಲ್ಲ."

"ಗೊತ್ತೈತಿ."

ನನಗೆ ಕೇಳಿಸಿದ್ದು ಸರಿಯೇ ಎಂದು ಅವನ ಮುಖ ನೋಡಿದೆ.

"ಗೊತ್ತಿದ್ದೂ ಸುಮ್ಮನ ಕುಂತಿದ್ರಿ?"

"ಮಂದಿಗೆ ಒಂದು ಲೆಕ್ಕ ಬೇಕಾಗಿತ್ತು. ಅದು ಸಿಗಲಿಲ್ಲಂದ್ರ ಮನಿ ಮನಿ ಹೊಕ್ಕು ಹುಡುಕತಿದ್ರು. ಅಣ್ಣ ತಮ್ಮಂದಿರು ಬಡದಾಡತಿದ್ರು. ಈಗ ನೋಡು, ಯಾರ ಮೈಮ್ಯಾಲೂ ಒಂದು ಪೆಟ್ಟು ಬಿದ್ದಿಲ್ಲ."

"ಒಂದು ನಂದು."

"ಏನು?"

"ಆ ಇಪ್ಪತ್ಮೂರರಾಗ ಒಂದು ನಂದು."

ಅಪ್ಪ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ.

"ಭಂಡಾರ ಮುಟ್ಟಿದ್ದಿ."

"ಮುಟ್ಟಿದ್ದೆ."

"ದೇವ್ರಿಗೂ ಹೆದರಲಿಲ್ಲ?"

"ಹೆದರಿದೆ. ಹೆದರಿಕೋತನ ಹಾಕಿದೆ."

ಅವನು ಕಪ್ಪಿನೊಳಗೆ ನೋಡಿದ. ಆಮೇಲೆ ಒಂದು ದಾರಿ ಸಿಕ್ಕವನ ಹಾಗೆ ತಲೆ ಎತ್ತಿದ. "ಆತು. ನೀ ಒಬ್ಬಾಕಿ. ಓದೂ ಹುಡುಗಿ, ತಪ್ಪಿದಿ. ಉಳದ ಇಪ್ಪತ್ತೆರಡು ಅವರವ."

"ಇಪ್ಪತ್ತೊಂದು," ಎಂದಳು ಅವ್ವ.

ಒಲೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು.

ಇಪ್ಪತ್ತಾರು ವರ್ಷ ಜೊತೆಗಿದ್ದ ಹೆಂಗಸನ್ನು ಅಪ್ಪ ಆಗ ನೋಡಿದ. ನನ್ನನ್ನು ಮರೆತೇಬಿಟ್ಟ.

"ಯಾಕ?" ಎಂದ. "ನಾ ನಿನಗ ಏನ್ ಕಮ್ಮಿ ಮಾಡೀನಿ?"

"ಅಲ್ಲಿ ನಿಮ್ಮ ಹೆಸರೇನ ಇರಲಿಲ್ಲಲ್ರಿ. ಇದ್ದಿದ್ರ ನಿಮಗ ಹಾಕತಿದ್ದೆ."

"ನನ್ನ ಮಾತಿಗೆ ಕಿಮ್ಮತ್ತಿಲ್ಲೇನು?"

"ಐತಿ. ಮಾತಿಗೆ ಐತಿ. ಓಟು ನಂದು." ಅವ್ವ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು. ನಡುವೆ ಹರಿದಿತ್ತು. "ಇದರ ಹಣೇಬಾರ ನೋಡ್ರಿ. ಒಂದ ರೊಟ್ಟಿ ನೆಟ್ಟಗ ಬರವಲ್ದು."

"ಇಬ್ಬರೂ ಬಾಯಿ ಮುಚ್ಚಿಕೊಂಡಿರ್ರಿ," ಎಂದ ಅಪ್ಪ. "ನಾಳೆ ಉಮರಣ್ಣ ಮುಟ್ಟಿ ಹೋಗ್ತಾನ, ಮುಗೀತೈತಿ. ನಡುವ ಯಾರರ ಬಾಯಿ ಬಿಟ್ಟೀರಿ, ನನ್ನ ಹೆಣ ನೋಡ್ತೀರಿ."

"ಹೆಣ ಆದ್ರೂ ಲಿಸ್ಟಿನಾಗ ಹೆಸರು ಇರತೈತಿ, ಬಿಡ್ರಿ," ಎಂದಳು ಅವ್ವ.

ಮಂಗಳವಾರ ಬೆಳಿಗ್ಗೆ ಗುಡಿಯ ಮುಂದೆ ಊರು ಕೂಡಿತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬೇವಿನ ಗಿಡದ ಕೆಳಗೆ. ಉಮರಸಾಬ ಕಾಕಾ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಹಿಟ್ಟಿಲ್ಲದ ಅಂಗಿಯಲ್ಲಿ ಅವರನ್ನು ನಾನು ನೋಡಿದ್ದು ಕಡಿಮೆ. ಚಪ್ಪಲಿ ದೂರ ಬಿಟ್ಟು, ನಳದಲ್ಲಿ ಕಾಲು ತೊಳೆದು ಬಂದು ನಿಂತರು. ಮೆಹಜಬೀನ ಬರುವುದಿಲ್ಲ ಎಂದಿದ್ದಳು, ಬಂದಿದ್ದಳು. ಹೆಂಗಸರ ಗುಂಪಿನಿಂದ ಹತ್ತು ಹೆಜ್ಜೆ ದೂರ ಕೈ ಕಟ್ಟಿ ನಿಂತಿದ್ದಳು.

ಯಂಕೋಬ ತಟ್ಟೆ ಹಿಡಿದುಕೊಂಡಿದ್ದ. "ಬಾ ಉಮರಸಾಬ. ಯಾರಿಗೂ ಯಾರ ಮ್ಯಾಲೂ ಸಿಟ್ಟಿಲ್ಲ. ಒಂದು ಮಾತು ಹೇಳಿಬಿಡು, ಎಲ್ಲಾರ ಮನಸ್ಸೂ ಸ್ವಚ್ಛ ಆಕ್ಕಾವ. ನಾವೇನು ಹೊರಗಿನವ್ರಲ್ಲ."

ಕಾಕಾ ಕೈ ಮುಂದೆ ಮಾಡಿದರು. ಆ ಕೈ ನನಗೆ ಇವತ್ತಿಗೂ ಕಾಣುತ್ತದೆ. ಬೆರಳ ಗೆಣ್ಣುಗಳ ಸಂದಿಯಲ್ಲಿ ತೊಳೆದರೂ ಹೋಗದ ಹಿಟ್ಟಿನ ಬಿಳುಪು.

"ನಾ ಹಾಕೀನಿ," ಎಂದೆ.

ನನ್ನ ದನಿ ಅಷ್ಟು ದೊಡ್ಡದಾಗಿ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು.

"ಆಚೆ ಕಡೆ ನಾ ಹಾಕೀನಿ. ಭಂಡಾರ ಮುಟ್ಟಿ ಹೋಗಿ ಹಾಕೀನಿ. ನೀವು ಹುಡುಕೂದಿದ್ರ ನನ್ನಿಂದ ಸುರು ಮಾಡ್ರಿ."

ಗದ್ದಲವೆದ್ದಿತು. ಯಂಕೋಬ ನಮ್ಮಪ್ಪನ ಕಡೆ ನೋಡಿದ. "ಏನಿದು ಬಾಲಪ್ಪ? ನಿನ್ನ ಮಗಳು ಏನಂತಾಳ?"

ಅಪ್ಪ ನನ್ನನ್ನು ನೋಡಲಿಲ್ಲ. "ಓದಿ ಓದಿ ತಲಿ ಕೆಟ್ಟೈತಿ ಅದಕ್ಕ. ಗೆಳತಿ ಸಲುವಾಗಿ ಸುಳ್ಳು ಹೇಳಾಕತ್ತೈತಿ."

"ಸುಳ್ಳಲ್ಲಂದ್ರ ಭಂಡಾರ ಮುಟ್ಟಿ ಹೇಳಲಿ!" ಎಂದು ಯಾರೋ ಕೂಗಿದರು.

ಹೋಗಿ ಮುಟ್ಟಿದೆ. ಇದೇ ತಟ್ಟೆ ಮುಟ್ಟಿ ಮಾಡಿದ ಆಣೆ ಮುರಿದಿದ್ದೇನೆ ಎಂದು ಅದೇ ತಟ್ಟೆ ಮುಟ್ಟಿ ಆಣೆ ಮಾಡಿದೆ. ಯಂಕೋಬ ತಟ್ಟೆಯನ್ನೂ ನನ್ನನ್ನೂ ನೋಡಿದ. ಆಣೆ ಮುರಿದವಳ ಆಣೆಯನ್ನು ನಂಬಬೇಕೋ ಬಿಡಬೇಕೋ ಅವನಿಗೆ ತಿಳಿಯಲಿಲ್ಲ. ನಂಬಿದರೆ ಅವನ ಲೆಕ್ಕ ಸುಳ್ಳು. ನಂಬದಿದ್ದರೆ ಭಂಡಾರ ಸುಳ್ಳು.

"ಹಂಗಾದ್ರ ಉಳದವು ಯಾರವು?" ಎಂದಿತು ಕಟ್ಟೆಯ ಮೇಲಿನಿಂದ ಒಂದು ದನಿ.

ಕಟ್ಟೆಯ ಮೇಲಿನ ಗಂಡಸರ ಕಣ್ಣುಗಳು ನಿಧಾನವಾಗಿ ಬೇವಿನ ಗಿಡದ ಕಡೆ ಬಂದವು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯವರನ್ನು ಹುಡುಕಿದರು. ನಮ್ಮ ಓಣಿಯ ಮುದುಕಿ ಕಳಕಮ್ಮ ಸೆರಗು ಬಾಯಿಗೆ ಹಿಡಿದು ಗಹಗಹಿಸಿ ನಕ್ಕಳು.

"ನೋಡ್ರಿ ನೋಡ್ರಿ, ಕಣ್ಣು ಬಿಟ್ಟು ನೋಡ್ರಿ! ನಮ್ಮವ್ವ, ಇಷ್ಟು ವರ್ಷದಾಗ ನಮ್ಮ ಮಾರಿ ಯಾವತ್ತೂ ಇಷ್ಟೊತ್ತು ನೋಡಿದ್ದಿಲ್ಲ ಇವ್ರು."

ಅವ್ವ ನಗಲಿಲ್ಲ. ಅಪ್ಪನನ್ನೇ ನೋಡುತ್ತ ನಿಂತಿದ್ದಳು. ಅಪ್ಪ ಕಾಲಿನ ಹೆಬ್ಬೆರಳು ನೋಡುತ್ತ ಕುಳಿತಿದ್ದ.

ಯಂಕೋಬ ಗಂಟಲು ಸರಿ ಮಾಡಿಕೊಂಡ. "ಅದೇನರ ಇರ್ಲಿ, ಹೆಣ್ಣುಮಕ್ಕಳ ಮಾತು ಆಮ್ಯಾಲೆ ನೋಡೂಣು. ಉಮರಸಾಬ ಬಂದಾನ, ಮುಟ್ಟಿ ಹೋಗಲಿ. ಅವಂದು ಮುಗೀಲಿ."

ಕಾಕಾ ಮುಂದೆ ಮಾಡಿದ ಕೈಯನ್ನು ಹಿಂದೆ ತೆಗೆದುಕೊಂಡರು.

"ಒಂದು ಮಾತು ಕೇಳ್ತೀನಿ ಯಂಕೋಬ," ಎಂದರು. "ನಾ ಹಾಕಿದ್ರ ಏನು ಮಾಡಾವ್ರಿದ್ರಿ?"

"ಯಾರಿಗೆ?"

"ಆಚೆಗೆ. ಆ ಇಪ್ಪತ್ಮೂರೂ ನನ್ನ ಮನೀವ ಅಂತ ತಿಳಕೋ. ಸತ್ತ ನಮ್ಮವ್ವಂದೂ ಹಿಡಕೊಂಡು. ಏನು ಮಾಡಾವ್ರಿದ್ರಿ?"

"ಹಂಗಲ್ಲ ಉಮರಸಾಬ..."

"ನನ್ನ ಗಿರಣಿ ಮುಚ್ಚಸಾವ್ರು. ಹದಿನಾರು ದಿನ ಅದನ್ನ ಮಾಡೀರಿ. ಅಂದ್ರ ಈ ಹುಡುಗಿ ಬಂದು ನಂದಂತ ಹೇಳಿದ್ದಕ್ಕ ನಾ ಛಲೋ ಮನಿಶ್ಯಾ ಆದೆ. ಇಲ್ಲಂದ್ರ ಕೆಟ್ಟಾಂವ. ನಿಮಗ ಒಂದು ಓಟು ಹಾಕಿದ್ರ ನನ್ನ ಕಲ್ಲಿನಾಗ ಬಿದ್ದ ಹಿಟ್ಟು ಹಿಟ್ಟು, ಹಾಕಲಿಲ್ಲಂದ್ರ ಮಣ್ಣು." ಕಾಕಾನ ಕುತ್ತಿಗೆಯ ನರ ಉಬ್ಬಿತ್ತು. ಅವರು ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ನಾ ಮುಟ್ಟಂಗಿಲ್ಲ. ನಾ ಯಾರಿಗೆ ಹಾಕೀನಿ ಅಂತ ಇವತ್ತೂ ಹೇಳಂಗಿಲ್ಲ, ಮಣ್ಣಿಗೆ ಹೋಗೂತನಾನೂ ಹೇಳಂಗಿಲ್ಲ. ಕುಷ್ಟಗಿಯಾಂವಗ ಬರಬ್ಯಾಡ ಅಂತ ಈಗ ಫೋನ್ ಮಾಡ್ತೀನಿ. ದಿನಾ ಎಂಟಕ್ಕ ಬಾಗಲಾ ತಗೀತೀನಿ. ಬರಾವ್ರು ಬರ್ರಿ. ಬರದವ್ರು ತಳಕಲ್ಲಿಗೆ ಹೋಗಿ ಸಣ್ಣ ಹಿಟ್ಟು ತಿನ್ರಿ."

ತಿರುಗಿ ಹೊರಟವರು ನನ್ನ ಎದುರು ಒಂದು ಕ್ಷಣ ನಿಂತರು. ಒಳ್ಳೆಯ ಮಾತು ಹೇಳುತ್ತಾರೆ ಎಂದುಕೊಂಡೆ, ನಾಚಿಕೆಯಾಗಬೇಕು ನನಗೆ.

"ನನ್ನ ಪರ ಸಾಕ್ಷಿ ಹೇಳು ಅಂತ ನಿನ್ನ ಯಾರು ಕೇಳಿದ್ರು ಯವ್ವಾ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಸಭೆ ಹಾಗೇ ಒಡೆಯಿತು. ಆ ದಿನ ಎಷ್ಟು ಮನೆಗಳಲ್ಲಿ ಜಗಳವಾಯಿತೋ ನನಗೆ ಗೊತ್ತಿಲ್ಲ. ಎರಡು ಮನೆಯದಂತೂ ಓಣಿಗೆಲ್ಲ ಕೇಳಿಸಿತು. ನಮ್ಮ ಮನೆಯಲ್ಲಿ ಜಗಳವಾಗಲಿಲ್ಲ. ಅಪ್ಪ ನನ್ನೊಡನೆ ಮಾತು ಬಿಟ್ಟ. ತಟ್ಟೆಗೆ ಬಡಿಸಿದರೆ ಉಣ್ಣುತ್ತಾನೆ, ಕೇಳಿದರೆ ಗೋಡೆಗೆ ಉತ್ತರ ಕೊಡುತ್ತಾನೆ. ಅವನು ಸೋತಿರಲಿಲ್ಲ. ಅವನ ಪಾರ್ಟಿ ಗೆದ್ದು ಅಧಿಕಾರದಲ್ಲಿತ್ತು. ಆದರೂ ಮನೆಯಲ್ಲಿ ಎರಡು ಓಟು ಬೇರೆ ಬಿದ್ದದ್ದನ್ನು ಎದೆಗೆ ಚುಚ್ಚಿದ ಮುಳ್ಳಿನ ಹಾಗೆ ಹಿಡಿದುಕೊಂಡು ಕುಳಿತ.

ಗಿರಣಿಗೆ ಮೊದಲು ಹೋದವಳು ಅವ್ವ. ಬುಧವಾರ ಬೆಳಿಗ್ಗೆ, ಯಂಕೋಬನ ಅಂಗಡಿಯ ಮುಂದಿನಿಂದಲೇ, ತಲೆಯ ಮೇಲೆ ಡಬ್ಬಿ ಇಟ್ಟುಕೊಂಡು. ಹಿಂದೆ ಕಳಕಮ್ಮ. ಆಮೇಲಾಮೇಲೆ ಒಬ್ಬೊಬ್ಬರೇ ಬಂದರು. ಯಾರಿಗೂ ಬುದ್ಧಿ ಬಂದದ್ದಲ್ಲ. ಪೆಟ್ರೋಲಿನ ಬಿಸಿ, ಎಂಟು ಕಿಲೋಮೀಟರಿನ ಧೂಳು, ಹೆಂಡತಿಯ ಬೈಗುಳ. ತಿಂಗಳು ಕಳೆಯುವುದರಲ್ಲಿ ಅರ್ಧ ಊರು ಮರಳಿ ಬಂದಿತ್ತು. ಉಳಿದರ್ಧ ಈಗಲೂ ತಳಕಲ್ಲಿಗೇ ಹೋಗುತ್ತದೆ. ಅರ್ಧ ಊರಿನಲ್ಲಿ ಗಿರಣಿ ನಡೆಯುತ್ತದೆ, ಕುಂಟುತ್ತ. ಸಮುದಾಯ ಭವನದ ಮಾತನ್ನು ಲೀಡರು ಮತ್ತೆ ಎತ್ತಿಲ್ಲ.

ನಾನು ಹೋದದ್ದು ಅವ್ವ ಹೋದ ನಾಲ್ಕು ದಿನದ ಮೇಲೆ. ಕಾಕಾ ನಮಾಜಿಗೆ ಹೋಗಿದ್ದರು. ಮೆಹಜಬೀನ ಒಬ್ಬಳೇ ಇದ್ದಳು. ಡಬ್ಬಿ ತೆಗೆದುಕೊಂಡು ಜೋಳವನ್ನು ಮಷಿನ್ನಿಗೆ ಸುರಿದಳು, ಸ್ವಿಚ್ ಹಾಕಲಿಲ್ಲ.

"ಮೊದಲ ದಿನ ಯಂಕೋಬ ಲಿಸ್ಟ್ ಹಿಡಕೊಂಡು ಕುಂತಾಗ ನೀ ಅಲ್ಲೇ ಇದ್ದಿ," ಎಂದಳು.

"ಇದ್ದೆ."

"ನಮ್ಮ ಅಜ್ಜಿ ಹೆಸರಿಗೆ ಟಿಕ್ ಹಾಕಿದ್ದು ನೋಡಿದಿ."

"ನೋಡಿದೆ."

"ಮತ್ತ ಹದಿನಾರು ದಿನ ಏನು ಮಾಡಾಕತ್ತಿದ್ದಿ?"

"ಹೆದರಿದ್ದೆ."

"ನಾವೂ ಹೆದರಿದ್ವಿ. ನಮಗ ಕುಂತು ಹೆದರಾಕ ನಿನ್ನಷ್ಟು ಪುರುಸೊತ್ತು ಇರಲಿಲ್ಲ." ಅವಳು ಡಬ್ಬಿಯ ತಳವನ್ನು ಕೈಯಿಂದ ಬಡಿದು ಕೊನೆಯ ಕಾಳು ಬೀಳಿಸಿದಳು. "ಇನ್ನೊಂದು ಹೇಳ್ತೀನಿ ಕೇಳು. ನಾನೂ ನಿನ್ನಂಗ ಆಚೆಗೇ ಹಾಕೀನಿ ಅಂತ ತಿಳದಿದ್ದಿ ಹೌದಲ್ಲೋ?"

ತಿಳಿದಿದ್ದೆ. ಒಂದು ಸಲವೂ ಅನುಮಾನ ಪಡದೆ ತಿಳಿದಿದ್ದೆ.

"ನಾ ಹಾಕಿದ್ದು ನಿಮ್ಮಪ್ಪನ ಪಾರ್ಟಿಗೆ. ಭಂಡಾರಕ್ಕ ಹೆದರಿ ಅಲ್ಲ, ನಿಮ್ಮಪ್ಪನ ಸಲುವಾಗಿನೂ ಅಲ್ಲ. ನನಗ ಸರಿ ಅನಿಸ್ತು, ಹಾಕಿದೆ. ಇದನ್ನ ಹೊರಗ ಹೋಗಿ ಯಾರ ಮುಂದರ ಹೇಳಿದಿ, ನೋಡು ಮತ್ತ. ಅವ್ರು ನನಗ ಛಲೋ ಹುಡುಗಿ ಅಂತ ಸರ್ಟಿಫಿಕೇಟ್ ಕೊಡೂದು ಬ್ಯಾಡ."

"ಅವರಿಗೆ? ನಿನಗ ಇಷ್ಟೆಲ್ಲಾ ಮಾಡಿದವರಿಗೆ?"

"ಓಟು ಹಾಕೂಮುಂದ ಮಾಡಿದ್ದಿಲ್ಲಲ್ಲ. ಮುಂದಿನ ಸಲ ಏನು ಮಾಡ್ತೀನಿ ನೋಡೂಣು. ನಿನ್ನ ಪಾರ್ಟಿಯಾವ್ರು ಏನು ಕಡದು ಗುಡ್ಡಿ ಹಾಕ್ಯಾರ ಹೇಳು? ಐದು ವರ್ಷ ಅವರೂ ಇದ್ರಲ್ಲ. ಯಲಬುರ್ಗಾಕ್ಕ ಒಂದು ಹೆಚ್ಚಿನ ಬಸ್ ಬಿಡ್ರಿ ಅಂತ ಹುಡುಗ್ಯಾರು ಅರ್ಜಿ ಕೊಟ್ವಿ. ಏನಾತು?"

"ಅದು ಬಸ್ಸಿನ ಮಾತು. ನಾ ಹಾಕಿದ್ದು ಬಸ್ಸಿಗೆ ಅಲ್ಲ."

"ನೀ ಹಾಸ್ಟೆಲ್ಲಿನಾಗ ಇದ್ದಾಕಿ. ನಿನಗ ಬಸ್ಸು ಯಾಕ ಬೇಕು? ಮೂರು ವರ್ಷ ಬಾಗಲದಾಗ ಜೋತು ಬಿದ್ದು ಹೋಗಿ ಬಂದಾಕಿ ನಾನು."

ಸ್ವಿಚ್ ಹಾಕಿದಳು. ಕಲ್ಲು ತಿರುಗತೊಡಗಿತು. ಆ ಸದ್ದಿನಲ್ಲಿ ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಾಡಿದೆವು. ರೇಷನ್ ಅಕ್ಕಿಗೆ, ನೌಕರಿ ನೋಟಿಫಿಕೇಶನ್ನಿಗೆ, ಯಾರು ಯಾರನ್ನು ಕೊಂಡುಕೊಂಡರು ಎಂಬುದಕ್ಕೆ. ನಾನು ಅವಳ ಪಾರ್ಟಿಯವರನ್ನು ಕಳ್ಳರೆಂದೆ, ಅವಳು ನನ್ನ ಪಾರ್ಟಿಯವರನ್ನು ಹೇಡಿಗಳೆಂದಳು. ಅವಳು ಹೇಳಿದ್ದರಲ್ಲಿ ಒಂದನ್ನೂ ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ಹಿಟ್ಟಿನ ಡಬ್ಬಿ ತುಂಬಿತು. ಅವಳು ಮುಚ್ಚಳ ಒತ್ತಿ ನನ್ನ ಕಡೆ ದೂಡಿದಳು. ಹುಬ್ಬಿನ ಮೇಲೆಲ್ಲ ಹಿಟ್ಟು, ಮುಖದ ತುಂಬ ಸಿಟ್ಟು.

"ಹೊರು," ಎಂದಳು. "ಶನಿವಾರ ಗೋಧಿ ತಗೊಂಡು ಬಾ. ಉಳದಿದ್ದು ಅವತ್ತ ಬೈತೀನಿ."